ಮಾವ, ಅಳಿಯ ಮತ್ತು ಅಗಸ್ತ್ಯಕೂಡಂ

ನಮ್ಮ ತ್ರಿಪ್ಪುಣಿತ್ತುರದಲ್ಲಿ ಹತ್ತುವುದಕ್ಕೆ ಅಂತ ಇರುವುದು ಒಂದೇ ಒಂದು ಗುಡ್ಡ, ಹಿಲ್ ಪ್ಯಾಲೇಸ್. ಕೊಚ್ಚಿ ರಾಜರು 1865ರಲ್ಲಿ ಕಟ್ಟಿಸಿದ ಅರಮನೆ, ಈಗ ಮ್ಯೂಸಿಯಂ. ಊರಿನಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ, ಮೆಟ್ಟಿಲು ಹತ್ತಿ, ರಾಜರ ಕಿರೀಟ ತೋರಿಸಿ, ಕೆಳಗಿಳಿದು ಚಹಾ ಕುಡಿಸಿ ಕಳಿಸುತ್ತೇನೆ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಹತ್ತಿದ ಅತಿ ದೊಡ್ಡ ಪರ್ವತ ಅದೇ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಹೀಗಿರುವಾಗ ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಜನವರಿಯಲ್ಲಿ ಅಗಸ್ತ್ಯಕೂಡಂಗೆ ಹೋಗುವನಾ? ಮೂರು ದಿನ. ನಿಮ್ಮ ಹೆಸರೂ ಸೇರಿಸಿ ಪರ್ಮಿಟ್ಟಿಗೆ ಹಾಕ್ತೇನೆ."

ನಾನು ಬೇಡ ಅನ್ನುವಷ್ಟರಲ್ಲಿ ಅಕ್ಕನ ಫೋನ್ ಬಂತು. ಅವಳ ವಿಷಯ ಬೇರೆಯೇ. ಹುಡುಗನಿಗೆ ಬಂಡೆ ಹತ್ತುವ ಹುಚ್ಚು. ವಾರದ ದಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆ, ವಾರದ ಕೊನೆಗೆ ರಾಮನಗರ, ಸಾವನದುರ್ಗ, ರಜೆ ಸಿಕ್ಕರೆ ಬಾದಾಮಿ. ಈಗ ಕೆಲಸ ಬಿಟ್ಟು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೆ ಹೋಗುತ್ತಾನಂತೆ, ಆಮೇಲೆ ಆಲ್ಪ್ಸ್ ಅಂತೆ! "ನೀನು ಹೇಳಿದ್ರೆ ಕೇಳ್ತಾನೆ. ಒಟ್ಟಿಗೆ ಹೋಗು, ಬುದ್ಧಿ ಹೇಳಿ ಕಳಿಸು" ಅಂದಳು. ಹಾಗೆ ಐವತ್ತೆಂಟನೇ ವಯಸ್ಸಿನಲ್ಲಿ ನಾನು ಪರ್ವತಾರೋಹಿಯಾದದ್ದು!

ಅಂದ ಹಾಗೆ, ನಾನು ಕಾಸರಗೋಡಿನ ಬದಿಯವನು. 1956ಕ್ಕೆ ಮೊದಲು ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ನನ್ನದು ವಿಚಿತ್ರ ವಲಸೆ. ಕೇರಳದಿಂದ ಕೇರಳಕ್ಕೇ ಬಂದು ಪರದೇಶಿಯಾದವನು ನಾನು. ಮಾವ-ಅಳಿಯ ಅಂದರೆ ನಮ್ಮ ಕಡೆ ಅದಕ್ಕೊಂದು ತೂಕವಿದೆ, ಅಳಿಯಕಟ್ಟಿನ ಸೀಮೆಯಲ್ಲವೇ! ಇಲ್ಲೂ ಹಾಗೆಯೇ. ಕೊಚ್ಚಿಯಲ್ಲಿ, ತಿರುವಾಂಕೂರಿನಲ್ಲಿ ರಾಜ್ಯ ಹೋಗುತ್ತಿದ್ದದ್ದು ಮಗನಿಗಲ್ಲ, ಹೆಣ್ಣಿನ ಸಂತಾನಕ್ಕೆ. ಮಲಯಾಳದಲ್ಲಿ ಮರುಮಕ್ಕತ್ತಾಯಂ ಅಂತಾರೆ. ಇದನ್ನು ಯಾಕೆ ಹೇಳಿದೆನೆಂದರೆ, ನಾವು ಹೋದ ಬೆಟ್ಟದ ಕಥೆಯಲ್ಲೂ ಒಬ್ಬ ಮಾವ ರಾಜ ಮತ್ತು ಒಬ್ಬ ಅಳಿಯ ರಾಜ ಬರುತ್ತಾರೆ.

ನಮಗೆ ಕನ್ನಡಿಗರಿಗೆ ಅಗಸ್ತ್ಯ ಅಂದರೆ ತಲಕಾವೇರಿ. ಋಷಿಯ ಕಮಂಡಲದಿಂದ ಕಾವೇರಿ ಹರಿದ ಕಥೆ ಕೇಳದೆ ಬೆಳೆದವರು ಯಾರು? ಆದರೆ ತಮಿಳರ, ಮಲಯಾಳಿಗಳ ಅಗಸ್ತ್ಯ ಇನ್ನೂ ದಕ್ಷಿಣಕ್ಕೆ ಹೋಗಿ ನೆಲೆಸಿದವರು. ತಿರುವನಂತಪುರ ಜಿಲ್ಲೆ ಮತ್ತು ತಿರುನೆಲ್ವೇಲಿ ಸೀಮೆಯ ಗಡಿಯಲ್ಲಿ, ನೆಯ್ಯಾರ್ ಅಭಯಾರಣ್ಯದೊಳಗೆ ನಿಂತಿರುವ 1868 ಮೀಟರ್ ಎತ್ತರದ ಶಿಖರ ಅವರದು. ತಾಮ್ರಪರ್ಣಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಸುತ್ತಲಿನ ಕಾಡು 2001ರಲ್ಲಿ ಜೀವಗೋಳ ಮೀಸಲು ಪ್ರದೇಶವಾಯಿತು, 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

"ಹೆಂಗಸರನ್ನು ಬಿಡ್ತಾರಾ ಅಲ್ಲಿಗೆ?" ಅಂತ ಅಕ್ಕ ಕೇಳಿದ್ದಳು. ಬಿಡುತ್ತಿರಲಿಲ್ಲ. 2018ರ ನವೆಂಬರಿನಲ್ಲಿ ಕೇರಳ ಹೈಕೋರ್ಟು ಆ ತಡೆಯನ್ನು ತೆಗೆಯಿತು. 2019ರ ಜನವರಿಯಲ್ಲಿ ರಕ್ಷಣಾ ಇಲಾಖೆಯ ವಕ್ತಾರೆ ಧನ್ಯಾ ಸನಲ್ ಆ ತೀರ್ಪಿನ ನಂತರ ಹತ್ತಿದ ಮೊದಲ ಮಹಿಳೆಯಾದರು. ಬ್ರಹ್ಮಚಾರಿ ಋಷಿಯ ಜಾಗ ಅಂತ ನಂಬುವ ಕಾಣಿ ಬುಡಕಟ್ಟಿನವರು ಬೋಣಕ್ಕಾಡಿನಲ್ಲಿ ಪ್ರತಿಭಟಿಸಿದರು, ಆದರೆ ಅವರನ್ನು ತಡೆಯಲಿಲ್ಲ. ಈ ಕಾಣಿಗಳನ್ನು ನೆನಪಿಟ್ಟುಕೊಳ್ಳಿ. ಇಡೀ ಕಥೆಯಲ್ಲಿ ಅವರೇ ಮುಂದೆ ನಡೆಯುವವರು.

ಸರಿ, ಅಳಿಯ ತ್ರಿಪ್ಪುಣಿತ್ತುರಕ್ಕೆ ಬಂದ. ಕೋಟ್ಟಯಂ ದಾರಿಯ ರೈಲು ಹಿಡಿದು ತಿರುವನಂತಪುರಕ್ಕೆ ಹೋಗಿ, ವಿದುರ ದಾಟಿ ಬೋಣಕ್ಕಾಡಿನ ಹಳೆಯ ಚಹಾ ತೋಟಗಳ ನಡುವೆ ಬಸ್ಸಿನಿಂದ ಇಳಿದೆವು. ದಾರಿಯುದ್ದಕ್ಕೂ ಅವನು ನನಗೆ ಆಲ್ಪೈನ್ ಪದ್ಧತಿಯ ಪಾಠ ಮಾಡಿದ. ಹಿಮಾಲಯದ ದೊಡ್ಡ ದಂಡಯಾತ್ರೆಗಳಲ್ಲಿ ಕ್ಯಾಂಪಿನ ಮೇಲೆ ಕ್ಯಾಂಪು ಕಟ್ಟಿ, ಹಗ್ಗ ಬಿಗಿದು, ಕೂಲಿಗಳಿಂದ ಸಾಮಾನು ಮೇಲಕ್ಕೆ ಸಾಗಿಸುತ್ತಾರೆ. ಆಲ್ಪೈನ್ ಅಂದರೆ ಹಾಗಲ್ಲ. ಇಬ್ಬರೋ ಮೂವರೋ, ಬೇಕಾದದ್ದೆಲ್ಲ ಬೆನ್ನ ಮೇಲೆ, ಬುಡದಿಂದ ತುದಿಗೆ ಒಂದೇ ಪಟ್ಟಿನಲ್ಲಿ ಹೋಗಿ ವಾಪಸ್. "ಯಾರ ಹಂಗೂ ಇಲ್ಲ ಮಾವ" ಅಂದ. ನನಗೆ ಆ ಮಾತು ಸ್ವಲ್ಪ ಕುಟುಕಿತು. ಸುಮ್ಮನಿದ್ದೆ.

ಮೊದಲ ದಿನ ಹದಿನಾಲ್ಕು-ಹದಿನೈದು ಕಿಲೋಮೀಟರ್ ನಡಿಗೆ. ಕರಮನಯಾರ್, ವಾಳಪ್ಪೈಂದಿಯಾರ್, ಅಟ್ಟಯಾರ್ ಅಂತ ಒಂದಾದ ಮೇಲೊಂದು ಹೊಳೆ. ಅಲ್ಲಿಯವರೆಗೆ ಮರದ ನೆರಳು, ಆಮೇಲೆ ತಲೆ ಸುಡುವ ಹುಲ್ಲುಗಾವಲು, ಕೊನೆಗೆ ಮುಟ್ಟಿಡಿಚ್ಚಾನ್ ತೇರಿ ಎಂಬ ಏರು. ಹತ್ತುವಾಗ ನಮ್ಮದೇ ಮೊಣಕಾಲು ಬಂದು ನಮಗೆ ಬಡಿಯುವಷ್ಟು ಕಡಿದು, ಅದಕ್ಕೇ ಆ ಹೆಸರು. ಅಳಿಯ ನನ್ನ ಚೀಲವನ್ನೂ ತಾನೇ ಹೊತ್ತ. ಚಿಕ್ಕವನಿದ್ದಾಗ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಧೂರಿನ ಜಾತ್ರೆ ತೋರಿಸಿದ್ದೆ. ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ. ನಮ್ಮ ತಂಡದ ಮುಂದೆ ನಡೆಯುತ್ತಿದ್ದವರು ಒಬ್ಬ ಕಾಣಿ ಮಾರ್ಗದರ್ಶಕರು. ವಯಸ್ಸು ನನ್ನಷ್ಟೇ ಇರಬೇಕು, ಮಾತು ಬಹಳ ಕಮ್ಮಿ. ಆನೆ ಲದ್ದಿ ಕಂಡಲ್ಲಿ ಮಾತ್ರ ನಿಂತು, ಕಾಲ ತುದಿಯಿಂದ ತಟ್ಟಿ ನೋಡಿ, ಮುಂದೆ ಹೋಗುತ್ತಿದ್ದರು.

ಸಂಜೆ ಅದಿರುಮಲ ಕ್ಯಾಂಪಿನಲ್ಲಿ ಬಿಸಿ ಗಂಜಿ, ಹೆಸರುಕಾಳಿನ ಪಲ್ಯ. ಹೊರಗೆ ಕತ್ತಲೆಯಲ್ಲಿ ಶಿಖರ ದೊಡ್ಡದೊಂದು ಆನೆಯ ಹಾಗೆ ನಿಂತಿತ್ತು. ನಿದ್ದೆ ಬರಲಿಲ್ಲ. ಆಗ ನಾನು ಅಳಿಯನಿಗೆ ಬ್ರೌನ್ ಸಾಹೇಬನ ಕಥೆ ಹೇಳಿದೆ.

ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ಸಂಗೀತಕ್ಕೆ ಪ್ರಸಿದ್ಧರು. ಆದರೆ 1837ರಲ್ಲಿ ತಿರುವನಂತಪುರದಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದವರೂ ಅವರೇ. ಅದರ ಮೊದಲ ನಿರ್ದೇಶಕ ಜಾನ್ ಕಾಲ್ಡೆಕಾಟ್ 1849ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ 1852ರ ಹೊತ್ತಿಗೆ ಬಂದವನು ಜಾನ್ ಅಲನ್ ಬ್ರೌನ್, ಸ್ಕಾಟ್ಲೆಂಡಿನ ಡಂಫ್ರೀಸ್ ಊರಿನವನು. ಆಗ ಸ್ವಾತಿ ತಿರುನಾಳರ ತಮ್ಮ ಉತ್ರಂ ತಿರುನಾಳ್ ರಾಜರಾಗಿದ್ದರು. 1860ರಲ್ಲಿ ಅವರ ಅಳಿಯ ಆಯಿಲ್ಯಂ ತಿರುನಾಳ್ ಪಟ್ಟಕ್ಕೆ ಬಂದರು. ಮಾವ, ಅಳಿಯ ಇಬ್ಬರ ಕಾಲದಲ್ಲೂ ಬ್ರೌನ್ ಕೆಲಸ ಮಾಡಿದ. ಈಗ ನೇಪಿಯರ್ ಮ್ಯೂಸಿಯಂ ಎಂದು ಕರೆಯುವ ಸಂಸ್ಥೆ ಶುರುವಾದ ದಿನಗಳಲ್ಲೂ ಅವನ ಕೈಯಿತ್ತು.

ಬ್ರೌನ್‌ಗೆ ನಕ್ಷತ್ರಗಳಿಗಿಂತ ಭೂಮಿಯ ಅಯಸ್ಕಾಂತದ ಮೇಲೆ ಹೆಚ್ಚು ಆಸಕ್ತಿ. ಯಾಕೆಂದರೆ ಭೂಮಿಯ ಅಯಸ್ಕಾಂತ ರೇಖೆ, ಅಂದರೆ ದಿಕ್ಸೂಚಿಯ ಮುಳ್ಳು ಮೇಲಕ್ಕೂ ಬಾಗದೆ ಕೆಳಕ್ಕೂ ಬಾಗದೆ ಸಮವಾಗಿ ನಿಲ್ಲುವ ಗೆರೆ, ತಿರುವನಂತಪುರದ ಹತ್ತಿರವೇ ಹಾದುಹೋಗುತ್ತದೆ. ಇಂಥ ಜಾಗ ಪ್ರಪಂಚದಲ್ಲಿ ಎಲ್ಲ ಕಡೆ ಸಿಗುವುದಿಲ್ಲ. (ನೂರು ವರ್ಷ ಕಳೆದ ಮೇಲೆ ವಿಕ್ರಮ್ ಸಾರಾಭಾಯಿ ರಾಕೆಟ್ ಹಾರಿಸಲು ಪಕ್ಕದ ತುಂಬಾ ಹಳ್ಳಿಯನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಅಲ್ಲಿಂದ ಮೊದಲ ರಾಕೆಟ್ ಹಾರಿದ್ದು 1963ರ ನವೆಂಬರ್ 21ರಂದು.) ಸಮುದ್ರಮಟ್ಟದ ಹತ್ತಿರ ಮುಳ್ಳು ಹೇಗೆ ಅಲುಗಾಡುತ್ತದೋ, ಆರು ಸಾವಿರ ಅಡಿ ಮೇಲೆಯೂ ಅದೇ ಹೊತ್ತಿಗೆ ಹಾಗೇ ಅಲುಗಾಡುತ್ತದೆಯೇ? ಇದು ಬ್ರೌನ್‌ನ ಪ್ರಶ್ನೆ. ಉತ್ತರಕ್ಕಾಗಿ 1855ರಲ್ಲಿ ಅಗಸ್ತ್ಯರ ಬೆಟ್ಟದ ಮೇಲೆ ಇನ್ನೊಂದು ವೀಕ್ಷಣಾಲಯ ಕಟ್ಟಿಸಿಬಿಟ್ಟ!

"ಆ ಬಂಡೆಯ ಮೇಲಾ?" ಅಂತ ಅಳಿಯ ಎದ್ದು ಕೂತ.

ಯೋಚನೆ ಮಾಡಿ. ಗಾಳಿಯ ಒತ್ತಡ ಅಳೆಯುವ ವಾಯುಭಾರಮಾಪಕ ಅಂದರೆ ಮುಕ್ಕಾಲು ಮೀಟರಿಗಿಂತ ಉದ್ದದ ಗಾಜಿನ ಕೊಳವೆ, ಒಳಗೆ ಪಾದರಸ. ಎಡವಿದರೆ ಮುಗಿಯಿತು. ಅಯಸ್ಕಾಂತದ ಉಪಕರಣಗಳು ಇನ್ನೂ ಸೂಕ್ಷ್ಮ, ಹತ್ತಿರ ಕಬ್ಬಿಣದ ಚೂರು ಬಂದರೂ ಲೆಕ್ಕ ತಪ್ಪುತ್ತದೆ. ಇದನ್ನೆಲ್ಲ ಆನೆ ಓಡಾಡುವ ಕಾಡಿನಲ್ಲಿ, ಮುಟ್ಟಿಡಿಚ್ಚಾನಿನಂಥ ಏರಿನಲ್ಲಿ, ಮಂಜಿನಲ್ಲಿ ಜಾರುವ ಬಂಡೆಯಲ್ಲಿ ಮನುಷ್ಯರೇ ಹೊತ್ತು ಸಾಗಿಸಬೇಕು. ಮೇಲೆ ಕೂತು ಹಗಲು ರಾತ್ರಿ ಮುಳ್ಳು ನೋಡಿ ಬರೆದುಕೊಳ್ಳಲು ಜನ ಬೇಕು. ಅವರಿಗೆ ಅಕ್ಕಿ, ಸೌದೆ ಬೇಕು. ಬ್ರೌನ್ 1865ರಲ್ಲಿ ತಿರುವಾಂಕೂರು ಬಿಟ್ಟ. ತಿರುವನಂತಪುರ ಮತ್ತು ಅಗಸ್ತ್ಯಮಲೆಯ ಲೆಕ್ಕಗಳ ಸಂಪುಟ 1874ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1878ರಲ್ಲಿ ರಾಯಲ್ ಸೊಸೈಟಿ ಅವನಿಗೆ ಪದಕ ಕೊಟ್ಟಿತು, ಮರುವರ್ಷ ತೀರಿಕೊಂಡ. ದೊಡ್ಡ ಮನುಷ್ಯ, ಸಂಶಯವೇ ಇಲ್ಲ. ಆದರೆ ಸಂಪುಟದ ಮೇಲಿರುವುದು ಅವನ ಒಬ್ಬನ ಹೆಸರು. ಪಾದರಸ ಹೊತ್ತ ಹೆಗಲುಗಳ ಹೆಸರು ಪದಕದ ಮೇಲೆ ಬರುವುದಿಲ್ಲ.

"ಯಾರ ಹಂಗೂ ಇಲ್ಲ ಅಂದಿಯಲ್ಲ, ಅದಕ್ಕೆ ಹೇಳಿದೆ" ಅಂದೆ. ಅಕ್ಕ ಹೇಳಿದ ಬುದ್ಧಿಮಾತಿಗೆ ಪೀಠಿಕೆ ಹಾಕುವುದು ನನ್ನ ಉಪಾಯ.

ಅವನು ಸೋಲುವವನಲ್ಲ. "1865 ಅಂದಿರಲ್ಲ ಮಾವ, ಅದೇ ವರ್ಷದ ಇನ್ನೊಂದು ಕಥೆ ಕೇಳಿ" ಅಂದ.

ಆ ವರ್ಷ ಜುಲೈ 14ರಂದು ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏಳು ಜನ ಹತ್ತಿದರು. ನಾಯಕ ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷಿನವನು. ಏಳರಲ್ಲಿ ಮೂವರು ಮಾರ್ಗದರ್ಶಕರು. ಫ್ರಾನ್ಸಿನ ಮಿಶೆಲ್ ಕ್ರೋ ಮತ್ತು ಝೆರ್ಮಾಟ್ ಹಳ್ಳಿಯ ಟೌಗ್‌ವಾಲ್ಡರ್ ಅಪ್ಪ-ಮಗ. ಇಳಿಯುವಾಗ ಅನುಭವವಿಲ್ಲದ ಹುಡುಗನೊಬ್ಬ ಜಾರಿದ, ಕ್ರೋಗೆ ಬಡಿದ, ಇನ್ನಿಬ್ಬರನ್ನು ಎಳೆದುಕೊಂಡ. ನಾಲ್ಕನೆಯವನಿಗೂ ಹಿರಿಯ ಟೌಗ್‌ವಾಲ್ಡರನಿಗೂ ನಡುವಿದ್ದ ಹಗ್ಗ ತುಂಡಾಯಿತು. ನಾಲ್ವರು ಹೋದರು, ವಿಂಪರ್ ಮತ್ತು ಅಪ್ಪ-ಮಗ ಉಳಿದರು. ಆಮೇಲೆ ಊರಲ್ಲಿ ಗುಸುಗುಸು ಶುರುವಾಯಿತು. ಮುದುಕ ತಾನು ಉಳಿಯಲು ಹಗ್ಗ ಕತ್ತರಿಸಿದನಂತೆ! ವಿಚಾರಣೆಯಲ್ಲಿ ಅವನ ತಪ್ಪಿಲ್ಲ ಅಂತಾಯಿತು. ಆದರೂ ಅಪವಾದ ಅವನನ್ನು ಬಿಡಲಿಲ್ಲ. ಆ ಹಗ್ಗದ ತುಂಡು ಈಗಲೂ ಝೆರ್ಮಾಟಿನ ಮ್ಯೂಸಿಯಮ್ಮಿನಲ್ಲಿದೆಯಂತೆ.

"ವಿಂಪರ್ ಪುಸ್ತಕ ಬರೆದ, ಹೆಸರು ಮಾಡಿದ. ಮುದುಕನಿಗೆ ಸಿಕ್ಕಿದ್ದು ಅಪವಾದ. ನನಗೂ ಇದು ಗೊತ್ತು ಮಾವ" ಅಂದ ಅಳಿಯ.

ನಾನು ಮಾತಾಡಲಿಲ್ಲ. ಬುದ್ಧಿ ಹೇಳಲು ಹೋದವನಿಗೆ ಹುಡುಗ ಇಷ್ಟೆಲ್ಲ ಓದಿಕೊಂಡಿದ್ದಾನೆ ಅಂತ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ಪರ್ವತಾರೋಹಣದ ಚರಿತ್ರೆ ಹುಟ್ಟಿದಾಗಿನಿಂದಲೂ ಇದೇ ತಕರಾರು. ಜಿನೀವಾದ ವಿಜ್ಞಾನಿ ಸೋಸ್ಯೂರ್ 1760ರಲ್ಲಿ ಮಾಂಟ್ ಬ್ಲಾಂಕ್ ಹತ್ತಲು ದಾರಿ ಹುಡುಕಿದವರಿಗೆ ಬಹುಮಾನ ಸಾರಿದ. 1786ರ ಆಗಸ್ಟ್ 8ರಂದು ಶಾಮೊನಿಯ ಹರಳು ಹುಡುಕುವವ ಬಾಲ್ಮಾ ಮತ್ತು ಊರಿನ ವೈದ್ಯ ಪಕಾರ್ ಜೊತೆಯಾಗಿ ತುದಿ ಮುಟ್ಟಿದರು. ಮರುವರ್ಷ ಸೋಸ್ಯೂರ್ ತಾನೇ ಹದಿನೆಂಟು ಮಾರ್ಗದರ್ಶಕರೊಂದಿಗೆ ವಾಯುಭಾರಮಾಪಕ ಹೊರಿಸಿಕೊಂಡು ಹೋದ. ನಮ್ಮ ಬ್ರೌನ್‌ನ ಅಜ್ಜನ ತಲೆಮಾರಿನವನು ಅನ್ನಿ! 1887ರಲ್ಲಿ ಶಾಮೊನಿಯಲ್ಲಿ ಸೋಸ್ಯೂರ್ ಮತ್ತು ಬಾಲ್ಮಾ ಇಬ್ಬರಿಗೂ ಪ್ರತಿಮೆ ಎದ್ದಿತು. ಪಕಾರ್ ಪ್ರತಿಮೆಗೆ 1986ರವರೆಗೆ ಕಾಯಬೇಕಾಯಿತು. ಪೂರಾ ಇನ್ನೂರು ವರ್ಷ!

ಮರುದಿನ ಬೆಳಿಗ್ಗೆ ಹೊರಟೆವು. ಪೊಂಗಾಲಪ್ಪಾರೆ ಎಂಬ ದೊಡ್ಡ ಹಾಸುಬಂಡೆಯವರೆಗೆ ತೊಂದರೆಯಿಲ್ಲ. ತಮಿಳುನಾಡಿನ ಭಕ್ತರು ಪೊಂಗಲ್ ಮಾಡುವ ಜಾಗವಂತೆ. ಅಲ್ಲಿಂದ ಮುಂದೆ ಬೆಟ್ಟ ತನ್ನ ಬಣ್ಣ ತೋರಿಸುತ್ತದೆ. ಕುಳ್ಳ ಮರಗಳ ಕಾಡು, ಅದು ಮುಗಿದರೆ ಬೋಳು ಬಂಡೆ, ಹಿಡಿದು ಹತ್ತಲು ಕಟ್ಟಿದ ಹಗ್ಗ. ಮೊದಲ ಹಗ್ಗದ ಹತ್ತಿರ ಬರುವಾಗ ಮಂಜು ಮುಚ್ಚಿತು, ಗಾಳಿ ಎದ್ದಿತು, ಅಕಾಲದ ಮಳೆ ಹನಿಯತೊಡಗಿತು. ಬಂಡೆ ಎಣ್ಣೆ ಸುರಿದ ಹಾಗೆ ಹೊಳೆಯಿತು.

ಕಾಣಿ ಮಾರ್ಗದರ್ಶಕರು ಬಂಡೆಗೆ ಅಂಗೈ ಒತ್ತಿ ನೋಡಿದರು. "ಮದಿ. ಇನಿ ಪೋಗಂಡ" ಅಂದರು. ಸಾಕು, ಇನ್ನು ಹೋಗುವುದು ಬೇಡ.

ಅಳಿಯ ನನ್ನ ಮುಖ ನೋಡಿದ. ಶಿಖರ ಇನ್ನು ಸ್ವಲ್ಪವೇ. ಇದಕ್ಕಿಂತ ಎರಡು ಪಟ್ಟು ಕಡಿದಾದ ಬಂಡೆಯನ್ನು ಬರಿಗೈಯಲ್ಲಿ ಹತ್ತುವವನು ಅವನು. "ಮಾವ, ಇಂಥದ್ದು ನನಗೆ ಎಂತದೂ ಅಲ್ಲ. ನೀವು ಇಲ್ಲೇ ಇರಿ, ನಾನು ಇಪ್ಪತ್ತು ನಿಮಿಷದಲ್ಲಿ ಹೋಗಿ ಬರ್ತೇನೆ" ಅಂದ. ತಂಡದಲ್ಲಿ ಇನ್ನಿಬ್ಬರು ಹುಡುಗರು "ನಾವೂ ಬರ್ತೇವೆ" ಅಂದರು. ಅವರು ಹಾಕಿದ್ದು ಮಾಮೂಲಿ ಓಟದ ಬೂಟು.

ಮಾರ್ಗದರ್ಶಕರು ವಾದ ಮಾಡಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, ತಲೆಗೆ ಕಟ್ಟಿದ್ದ ತೋರ್ತು ಬಿಚ್ಚಿ ಹಿಂಡತೊಡಗಿದರು. ನಾನೂ ಬಾಯಿ ಬಿಡಲಿಲ್ಲ. ಅಕ್ಕ ಕಳಿಸಿದ್ದು ಇದೇ ಗಳಿಗೆಗೆ ಅಂತ ಗೊತ್ತಿತ್ತು, ಆದರೆ ನಾಲಗೆ ಏಳಲಿಲ್ಲ. ಹೋದರೆ ಇವನು ಖಂಡಿತ ಹತ್ತುತ್ತಿದ್ದ. ಹಿಂದೆ ಬರುವ ಆ ಇಬ್ಬರು?

ಅಳಿಯ ಹಗ್ಗವನ್ನು ಒಮ್ಮೆ ಎಳೆದು ನೋಡಿದ. ಆ ಹುಡುಗರ ಬೂಟು ನೋಡಿದ. ಹಗ್ಗ ಬಿಟ್ಟ. "ಇಳಿಯುವಾ" ಅಂದ. ಅಷ್ಟೇ.

ಶಿಖರ ನಮಗೆ ಸಿಗಲಿಲ್ಲ. ಮೇಲಿರುವ ಅಗಸ್ತ್ಯರ ವಿಗ್ರಹವನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಮೂರನೆಯ ದಿನ ಇಳಿಯುವಾಗ ನನ್ನ ಕಾಲು ನಡುಗುತ್ತಿತ್ತು. ಆಗ ನೆನಪಾದದ್ದು ಈ ಕಾಡಿನ ಅತಿ ಪ್ರಸಿದ್ಧ ಘಟನೆ. 1987ರ ಕೊನೆಗೆ ಡಾ. ಪುಷ್ಪಾಂಗದನ್ ನೇತೃತ್ವದ ಸಸ್ಯವಿಜ್ಞಾನಿಗಳ ತಂಡ ಈ ಬೆಟ್ಟಗಳಿಗೆ ಬಂದಿತ್ತು. ಹತ್ತಿ ಹತ್ತಿ ವಿಜ್ಞಾನಿಗಳು ಸುಸ್ತು, ದಾರಿ ತೋರಿಸುತ್ತಿದ್ದ ಕಾಣಿ ಯುವಕರು ಮಾತ್ರ ಲವಲವಿಕೆಯಿಂದ ಇದ್ದಾರೆ. ನೋಡಿದರೆ ಆಗಾಗ ಏನೋ ಕಾಯಿ ಜಗಿಯುತ್ತಾರೆ. ಇವರಿಗೂ ಕೊಟ್ಟರು, ತಿಂದವರಿಗೆ ಹೊಸ ಚೈತನ್ಯ. ಯಾವ ಗಿಡ ಅಂತ ಕೇಳಿದರೆ ಮೊದಲು ಹೇಳಲಿಲ್ಲ, ಅದು ಕುಲದ ಗುಟ್ಟು. ಬಹಳ ಕೇಳಿದ ಮೇಲೆ ತೋರಿಸಿದರು. ಆರೋಗ್ಯಪಚ್ಚ! ತಿರುವನಂತಪುರ ಹತ್ತಿರದ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದಲ್ಲಿ ಅದರಿಂದ 'ಜೀವನಿ' ಎಂಬ ಔಷಧಿ ತಯಾರಾಯಿತು. 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಮೇಲೆ ಶೇಕಡಾ 2 ರಾಜಧನಕ್ಕೆ ಅದನ್ನು ಮಾಡುವ ಹಕ್ಕು ಕೊಟ್ಟರು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನವಾಗಿ, 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಬುಡಕಟ್ಟಿನ ಜ್ಞಾನಕ್ಕೆ ಪಾಲು ಕೊಟ್ಟ ಮೊದಮೊದಲ ಉದಾಹರಣೆಗಳಲ್ಲಿ ಒಂದು ಅಂತ ಇಡೀ ಪ್ರಪಂಚ ಮಾತಾಡಿತು. ಗಿಡ ತೋರಿಸಿದ ಮಲ್ಲನ್ ಕಾಣಿ, ಕುಟ್ಟಿಮಾತ್ತನ್ ಕಾಣಿ ಅವರ ಹೆಸರುಗಳೂ ಚರಿತ್ರೆಯೊಳಗೆ ಬಂದವು. ಪಾಲು ಸಾಕಾಯಿತೇ, ಎಲ್ಲ ಕಾಣಿಗಳನ್ನೂ ಕೇಳಿದ್ದರೇ ಎಂಬ ಜಗಳ ಆಮೇಲೆ ನಡೆದದ್ದೂ ನಿಜ. ಆದರೂ ಬ್ರೌನ್‌ನ ಕಾಲದಿಂದ ಇಲ್ಲಿಗೆ ಒಂದು ಹೆಜ್ಜೆಯಾದರೂ ಮುಂದೆ ಬಂದಿದ್ದೇವೆ ಅನ್ನಬಹುದಲ್ಲ?

ಅಳಿಯ ಮಾರ್ಗದರ್ಶಕರನ್ನು ತನ್ನ ಹರಕು ಮಲಯಾಳದಲ್ಲಿ ಕೇಳಿದ, "ಚೇಟ್ಟಾ, ಆರೋಗ್ಯಪಚ್ಚ ಎಲ್ಲಿದೆ?" ಅವರು ಮೊದಲ ಸಲ ನಕ್ಕರು. ನಕ್ಕು ಮುಂದೆ ನಡೆದರು. ತೋರಿಸಲಿಲ್ಲ!

ವಾಪಸು ರೈಲಿನಲ್ಲಿ ಅವನೇ ಮಾತು ತೆಗೆದ. "ಅಮ್ಮ ನಿಮ್ಮನ್ನು ಯಾಕೆ ಕಳಿಸಿದ್ದು ಅಂತ ಗೊತ್ತುಂಟು ಮಾವ. ನೀವು ಎಂತ ಹೇಳಲೇ ಇಲ್ಲವಲ್ಲ?" ನಾನು ಕಿಟಕಿ ಕಡೆ ನೋಡಿದೆ. ಏನು ಹೇಳಲಿ? ಇಪ್ಪತ್ತೆಂಟು ವರ್ಷದ ಹಿಂದೆ "ಎರಡು ವರ್ಷ ದುಡಿದು ಊರಿಗೆ ಬರ್ತೇನೆ" ಅಂತ ಅಮ್ಮನಿಗೆ ಹೇಳಿ ಹೊರಟವನು ನಾನು. ಬೆಳೆಯುತ್ತಿದ್ದ ವಿಂಧ್ಯ ಪರ್ವತಕ್ಕೆ "ನಾನು ಮರಳಿ ಬರುವವರೆಗೆ ತಗ್ಗಿಯೇ ಇರು" ಅಂತ ಹೇಳಿ ದಕ್ಷಿಣಕ್ಕೆ ಬಂದ ಅಗಸ್ತ್ಯರೂ ಮರಳಲಿಲ್ಲ. ಬರುತ್ತೇನೆ ಅಂದವರೆಲ್ಲ ಬರುವುದಿಲ್ಲ. ನಮ್ಮಂಥ ವಲಸಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಟ್ಟಕ್ಕೆ ಹೋಗುವ ಮಗನ ವಿಷಯದಲ್ಲಿ ಅಕ್ಕನ ಹೆದರಿಕೆಯೂ ಅದೇ ತಾನೇ?

ಮನೆಗೆ ಬಂದ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. "ಹೇಳಿದೆಯಾ?" ಅಂದಳು. "ಇಲ್ಲ ಅಕ್ಕ" ಅಂದೆ. "ಆದರೆ ಒಂದು ನೋಡಿದೆ. ತುದಿ ಕಣ್ಣೆದುರೇ ಇತ್ತು. ಕೈಯಲ್ಲಿ ಹಗ್ಗ ಇತ್ತು. ಒಬ್ಬ ಹಿರಿಯರು ಬೇಡ ಅಂದದ್ದಕ್ಕೆ, ಹಿಂದೆ ಬರುವವರಿಗೆ ಅಪಾಯ ಅಂತ ಗೊತ್ತಾದ್ದಕ್ಕೆ ಹಗ್ಗ ಬಿಟ್ಟು ಇಳಿದ. ಅವನಿಗೆ ಹಿಂದೆ ತಿರುಗಲು ಬರ್ತದೆ. ಹತ್ತುವವರು ಬೇಕಾದಷ್ಟು ಜನ ಇರಬಹುದು, ಇದು ಬರುವವರು ಕಮ್ಮಿ."

ಅಕ್ಕ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಉತ್ತರಕಾಶಿಯಲ್ಲಿ ಚಳಿ ಎಷ್ಟಿರ್ತದೆ?" ಅಂತ ಕೇಳಿದಳು.

ಅವನು ಹೋದ, ಕೋರ್ಸು ಮುಗಿಸಿ ಬಂದ. ಈಗ ಬೆಂಗಳೂರಿನಲ್ಲೇ ಅರ್ಧ ಕೆಲಸ, ಅರ್ಧ ಬೆಟ್ಟ ಅಂತ ಇದ್ದಾನೆ. ಆಲ್ಪ್ಸ್‌ಗೆ ಇನ್ನೂ ದುಡ್ಡು ಕೂಡಿಸುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾವ, ಬರುವ ಜನವರಿಯಲ್ಲಿ ಅಗಸ್ತ್ಯಕೂಡಂನ ಬಾಕಿ ತೀರಿಸುವನಾ? ಈ ಸಲ ಅಮ್ಮನೂ ಬರ್ತಾರಂತೆ" ಅಂದ.

ಅದಕ್ಕೇ ಈಗ ದಿನಾ ಸಂಜೆ ಹಿಲ್ ಪ್ಯಾಲೇಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಮೊಣಕಾಲು ಏನನ್ನುತ್ತದೋ ನೋಡೋಣ!